ಬಾಯಾರಿಕೆ ಇಲ್ಲ ಅನ್ನುವ ಹಿರಿಯರನ್ನು ಬೈಯಬೇಡಿ

ನೀರು ಕುಡೀರಿ ಅಂದರೆ ಮನೆಯ ಹಿರಿಯರು ಬಾಯಾರಿಕೆಯೇ ಇಲ್ಲ ಅನ್ನುತ್ತಾರೆ. ನಾವು ಅದನ್ನು ಹಟ ಅಂದುಕೊಂಡು ರೇಗುತ್ತೇವೆ. ಸಂಜೆಗೇ ತೂಕಡಿಸಿ, ನಸುಕಿಗೆ ಮುಂಚೆಯೇ ಎದ್ದು ಓಡಾಡಿದರೂ ಗೊಣಗುತ್ತೇವೆ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬಾಯಾರಿಕೆ, ಹಸಿವು, ಮೈಬಿಸಿ, ನಿದ್ದೆಯ ಹೊತ್ತು ಎಲ್ಲವನ್ನೂ ನೋಡಿಕೊಳ್ಳುವುದು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್. ತೂಕ ಸುಮಾರು 4 ಗ್ರಾಂ, ಅಷ್ಟೇ. ಅದಕ್ಕೂ ವಯಸ್ಸಾಗುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿದ್ದರೂ ವಯಸ್ಸಾದವರಿಗೆ ಬಾಯಾರಿಕೆ ಮಂದವಾಗಿಯೇ ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಗೊತ್ತಾಗುತ್ತಿಲ್ಲ.

ಲೆನಿನ್‌ಗ್ರಾಡ್‌ನ ವಿಜ್ಞಾನಿ ವ್ಲಾದಿಮಿರ್ ದಿಲ್ಮನ್ 1971ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಈ ದಿಕ್ಕಿನ ಮಾತು ಬರೆದಿದ್ದರು. ಹಾರ್ಮೋನುಗಳು ತರುವ ಸುದ್ದಿಗೆ ಹೈಪೊಥಲಾಮಸ್ ವಯಸ್ಸಾದಂತೆ ಕಿವುಡಾಗುತ್ತದೆ, ಮುಪ್ಪಿನ ಕಾಯಿಲೆಗಳಿಗೂ ಇದಕ್ಕೂ ನಂಟಿದೆ ಅನ್ನುವುದು ಅವರ ವಾದ.

ಆಮೇಲೆ 2013ರಲ್ಲಿ ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಡಾಂಗ್‌ಶೆಂಗ್ ಕಾಯ್ ತಂಡದ ಕೆಲಸ ಬಂತು. ನನ್ನನ್ನು ಹಿಡಿದು ಕೂರಿಸಿದ್ದು ಇದೇ. ಇಲಿಗಳಿಗೆ ವಯಸ್ಸಾದಂತೆ ಹೈಪೊಥಲಾಮಸ್‌ನಲ್ಲಿ ಸಣ್ಣಗೆ ಉರಿಯೂತ ಏರುತ್ತಾ ಹೋಗುತ್ತದೆ. ಆ ಉರಿಯೂತವನ್ನು ನಡೆಸುವ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನಿನ ದಾರಿಯನ್ನು ಅಲ್ಲಿ ಮಾತ್ರ ತಡೆದಾಗ ಇಲಿಗಳು ಜಾಸ್ತಿ ದಿನ ಬದುಕಿದವು. ನೆನಪು, ಸ್ನಾಯುಬಲ ಕೂಡ ಉಳಿದವು. ಅದೇ ದಾರಿಯನ್ನು ಕೆರಳಿಸಿದಾಗ ಬೇಗ ಮುದಿಯಾದವು. ಇಡೀ ದೇಹದ ಮುಪ್ಪಿನ ವೇಗ ಮೆದುಳಿನ ಒಂದು ಮೂಲೆಯಿಂದ ಬದಲಾಗಬಹುದು! 2017ರಲ್ಲಿ ಅದೇ ತಂಡ ಅಲ್ಲಿನ ಕಾಂಡಕೋಶಗಳೂ (ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು) ಇದರಲ್ಲಿ ಪಾಲುದಾರರು ಅಂತ ತೋರಿಸಿತು. ಸಿಯಾಟಲ್‌ನ ಆಲನ್ ಸಂಸ್ಥೆಯವರು ಇಲಿ ಮೆದುಳಿನ 12 ಲಕ್ಷದಷ್ಟು ಕೋಶಗಳನ್ನು ನೋಡಿ 2025ರಲ್ಲಿ ವರದಿ ಮಾಡಿದಾಗಲೂ, ವಯಸ್ಸಿನ ಬದಲಾವಣೆ ಎದ್ದು ಕಂಡ ಜಾಗಗಳಲ್ಲಿ ಹೈಪೊಥಲಾಮಸ್ ಮುಖ್ಯವಾಗಿತ್ತು.

ಆದರೆ ಇವೆಲ್ಲ ಇಲಿಗಳ ಲೆಕ್ಕ. ಇದನ್ನೇ ಹಿಡಿದು ಆಯಸ್ಸು ಹೆಚ್ಚಿಸುವ ಮಾತ್ರೆ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ನಂಬಬೇಡಿ. ನನಗೆ ನೂರಿಪ್ಪತ್ತು ವರ್ಷ ಬದುಕುವ ಆಸೆಗಿಂತ, ಎಂಬತ್ತರಲ್ಲೂ ಹಸಿವು, ಬಾಯಾರಿಕೆ, ನಿದ್ದೆ ಸರಿಯಾಗಿ ಆಗಬೇಕು ಅನ್ನುವುದೇ ದೊಡ್ಡದು. ಸಂಶೋಧನೆಯ ದುಡ್ಡೂ ಆ ಕಡೆ ಹೋಗಲಿ ಅಂತ ನನ್ನ ಆಸೆ.

ಮದ್ದು ಬರುವವರೆಗೆ ಕಾಯಬೇಕಿಲ್ಲ, ಅಲ್ವಾ? ಬಾಯಾರಿಕೆ ಆಯ್ತಾ ಅಂತ ಕೇಳುವ ಬದಲು ಹೊತ್ತು ಹೊತ್ತಿಗೆ ಲೋಟ ಕೈಗೆ ಕೊಡಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ನೀರು ಅಂತ ಡಾಕ್ಟರ್ ಹೇಳಿರುತ್ತಾರೆ, ಅಷ್ಟೇ ಕೊಡಿ. ಹಗಲಲ್ಲಿ ಬೆಳಕಿರುವ ಕಡೆ ಕೂರಿಸಿ, ನಿದ್ದೆಯ ಗಡಿಯಾರ ಹೊತ್ತು ಸರಿ ಮಾಡಿಕೊಳ್ಳುವುದು ಮುಖ್ಯವಾಗಿ ಬೆಳಕಿನಿಂದಲೇ. ಸೆಕೆ ಜೋರಾದ ದಿನ ಅವರು ಏನೂ ಆಗಿಲ್ಲ ಅಂದರೂ ಒಮ್ಮೆ ಮೈ ಮುಟ್ಟಿ ನೋಡಿ.