ಸರಿಯೋ ತಪ್ಪೋ, ಸಕಾರಣ ತಿಳಿಸಿ

ಮಹಾರಾಷ್ಟ್ರದಲ್ಲಿ ಹತ್ತನೇ ತರಗತಿಯ ಹುಡುಗ ಪ್ರಜೆಯಾಗಲು 36 ನಿಮಿಷ ಸಾಕು. ಲೆಕ್ಕ ಬೇಕಾದರೆ ನೋಡಿ: ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪತ್ರಿಕೆಗೆ 40 ಅಂಕ, ಎರಡು ಗಂಟೆ. ಅದರಲ್ಲಿ 28 ಅಂಕ ಇತಿಹಾಸದ ಪಾಲು. ಮಿಕ್ಕ 12ರಲ್ಲಿ ಸಂವಿಧಾನದ ನಡೆ, ಚುನಾವಣೆ, ರಾಜಕೀಯ ಪಕ್ಷ, ಚಳವಳಿ, ಪ್ರಜಾಪ್ರಭುತ್ವದ ಸವಾಲುಗಳು ಎಂಬ ಐದೂ ಪಾಠ ಹೊಂದಿಕೊಂಡು ಕೂರಬೇಕು, ಸಂಜೆಯ ವಿರಾರ್ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವ ತುದಿಯಲ್ಲಿ ಕೂತ ಹಾಗೆ.

ರಾಜ್ಯದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಈ ಪುಸ್ತಕವನ್ನು ಕನ್ನಡದಲ್ಲೂ ಕೊಡುತ್ತದೆ. ಹಾಗಾಗಿ ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಥವಾಗಲಿಲ್ಲ ಎನ್ನುವ ನೆಪವಿಲ್ಲ. ಅರ್ಥವಾಗುವುದೇ ತೊಂದರೆ. ಅದರಲ್ಲೂ ‘ಹೇಳಿಕೆ ಸರಿಯೋ ತಪ್ಪೋ, ಸಕಾರಣ ತಿಳಿಸಿ’ ಎಂಬ ನಾಲ್ಕು ಅಂಕದ ಪ್ರಶ್ನೆಯಲ್ಲಿ ಬುದ್ಧಿವಂತರೇ ಬೀಳುತ್ತಾರೆ. ಬರೀ ‘ಸರಿ’ ಎಂದು ಗೀಚಿ ಕಾರಣ ಬಿಟ್ಟವರಿಗೆ ದಕ್ಕುವುದು ಅಷ್ಟಕ್ಕಷ್ಟೆ, ನಿಜ. ಅವರಿಗಿಂತ ಹೆಚ್ಚು ಕಳೆದುಕೊಳ್ಳುವವರು ಬೆಳಿಗ್ಗೆ ಪೇಪರ್ ಓದಿ ಬಂದವರು.

ಉದಾಹರಣೆಗೆ ‘ನಗರಪಾಲಿಕೆಯ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆದಿರಬೇಕು’ ಎಂಬ ಹೇಳಿಕೆ. ಸರಿ. ಕಾರಣ: 1992ರ 74ನೇ ತಿದ್ದುಪಡಿಯಿಂದ ಬಂದ 243-ಯು ವಿಧಿ ಹಾಗೆನ್ನುತ್ತದೆ. ಇಲ್ಲಿಗೆ ಪೆನ್ನು ಎತ್ತಿಬಿಡಬೇಕು. ಏಕೆಂದರೆ ಮುಂಬೈ ಪಾಲಿಕೆಯ ಅವಧಿ ಮುಗಿದದ್ದು ಮಾರ್ಚ್ 2022ರಲ್ಲಿ, ಮತದಾನ ಆದದ್ದು 2026ರ ಜನವರಿ 15ರಂದು. ನಗರದ ಸ್ಥಳೀಯ ಸಂಸ್ಥೆಗಳ ಪಾಠ ಬರುವುದು ಆರನೇ ತರಗತಿಯಲ್ಲಿ. 2022ರ ಜೂನ್‌ನಲ್ಲಿ ಆರನೆಯದಕ್ಕೆ ಕೂತ ಕುರ್ಲಾದ ಹುಡುಗಿ ಪಾಲಿಕೆಗೆ 227 ನಗರಸೇವಕರು, ಅಂದರೆ ಚುನಾಯಿತ ಸದಸ್ಯರು, ಎಂದು ಬಾಯಿಪಾಠ ಮಾಡಿದಳು. ಅವರಲ್ಲಿ ಒಬ್ಬರಾದರೂ ಹುಟ್ಟುವ ಹೊತ್ತಿಗೆ ಅವಳು ಒಂಬತ್ತನೆಯದಕ್ಕೆ ಬಂದಿದ್ದಳು. ಅವಳು ಆರನೆಯದಕ್ಕೆ ಕೂರುವ ಮೊದಲೇ ಆ 227 ಎನ್ನುವುದು ಕಾಗದದ ಮೇಲೆ 236 ಆಗಿತ್ತು, ನಡುವೆ ಮತ್ತೆ 227ಕ್ಕೆ ಇಳಿದಿತ್ತು. ಬಾಯಿಪಾಠ ಕೆಡದಿದ್ದದ್ದು ಪುಣ್ಯ.

ಆ ಸುಮಾರು ನಾಲ್ಕು ವರ್ಷ ಆಡಳಿತ ನಿಂತಿತ್ತೆಂದಲ್ಲ. ಆಯುಕ್ತರೇ ಆಡಳಿತಾಧಿಕಾರಿ. ಬಲಗೈ ಆಯುಕ್ತರಾಗಿ ಪ್ರಸ್ತಾವ ಬರೆಯುತ್ತದೆ, ಎಡಗೈ ಆಡಳಿತಾಧಿಕಾರಿಯಾಗಿ ಮಂಜೂರು ಮಾಡುತ್ತದೆ. ಬಜೆಟ್ಟಿಗೂ ಇದೇ ಏರ್ಪಾಡು. ಸಭಾತ್ಯಾಗವಿಲ್ಲ, ಘೋಷಣೆಯಿಲ್ಲ, ಕೋರಂ ಕೊರತೆಯಂತೂ ಸಾಧ್ಯವೇ ಇಲ್ಲ. ‘ನಿಮ್ಮ ನಗರಸೇವಕರನ್ನು ಸಂದರ್ಶಿಸಿ’ ಎಂದು ಪ್ರಾಜೆಕ್ಟ್ ಕೊಟ್ಟ ಶಿಕ್ಷಕರಿಗೆ ಮಾತ್ರ ಫಜೀತಿ. ಇದಕ್ಕೆ ಉಪಾಯ ಮಾಜಿಗಳು. ಗಣೇಶೋತ್ಸವದ ಬ್ಯಾನರಿನಲ್ಲಿ ಅವರ ಮುಖ ಸಿಗುತ್ತದೆ, ಕೆಳಗೆ ಫೋನ್ ನಂಬರೂ ಇರುತ್ತದೆ. ಅಧಿಕಾರ ಇಲ್ಲದ್ದರಿಂದ ಸಮಯ ಧಾರಾಳ.

ಚುನಾವಣೆ ಬಂತಲ್ಲ ಎಂದು ಹಿಗ್ಗಿದವರೂ ಒಂದು ಕಡೆ ಎಡವುತ್ತಾರೆ: ಪಾಲಿಕೆ ಚುನಾವಣೆ ನಡೆಸುವವರು ಯಾರು ಎಂದರೆ ‘ಭಾರತದ ಚುನಾವಣಾ ಆಯೋಗ’ ಎಂದು ಬರೆದುಬಿಡುತ್ತಾರೆ. ತಪ್ಪು, ಅದು ರಾಜ್ಯ ಚುನಾವಣಾ ಆಯೋಗದ ಕೆಲಸ. ‘ಒಬ್ಬರಿಗೆ ಒಂದೇ ಮತ’ ಎಂದು ಮುಂಬೈಯಲ್ಲಿ ಬರೆದರೆ ಸರಿ. ಪುಣೆಯ ಪಾಲಿಕೆಗೆ ಒಂದು ಪ್ರಭಾಗದಿಂದ, ಅಂದರೆ ವಾರ್ಡಿನಿಂದ, ಸಾಮಾನ್ಯವಾಗಿ ನಾಲ್ವರು ಆಯ್ಕೆಯಾಗುವುದರಿಂದ ಅಲ್ಲಿಯ ಮತದಾರ ನಾಲ್ಕು ಗುಂಡಿ ಒತ್ತಿ ಬರುತ್ತಾನೆ. ಘಾಟಿ ಏರಿದರೆ ತತ್ವ ಇಳಿಯುತ್ತದೆ.

ದಿಲ್ಲಿಯ ಪಾಠ ಸ್ವಲ್ಪ ಹಗುರ. ‘ಲೋಕಸಭೆಗೆ ಉಪಸಭಾಧ್ಯಕ್ಷರಿರುತ್ತಾರೆ’: ಸರಿ. 93ನೇ ವಿಧಿಯ ಪ್ರಕಾರ ಸದನ ಅವರನ್ನು ‘ಆದಷ್ಟು ಬೇಗ’ ಆರಿಸಬೇಕು. 17ನೇ ಲೋಕಸಭೆಗೆ ಐದು ವರ್ಷದಲ್ಲಿ ಅಷ್ಟು ಬೇಗ ಆಗಲಿಲ್ಲ, ಅದು ನಿಮಗೆ ಬೇಡದ ವಿಷಯ. ‘ಲೋಕಸಭೆಯಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಮೀಸಲಾತಿ’: 2023ರ 106ನೇ ತಿದ್ದುಪಡಿ ಎಂದು ಬರೆದು ಸುಮ್ಮನಾಗಿ. ಜನಗಣತಿ, ಆಮೇಲೆ ಕ್ಷೇತ್ರ ಪುನರ್ವಿಂಗಡಣೆ, ಆಮೇಲೆ ಮೀಸಲಾತಿ ಎಂದು ಆ ತಿದ್ದುಪಡಿಯೇ ಹಾಕಿಕೊಂಡ ಸರದಿಯನ್ನು ವಿವರಿಸಹೊರಟರೆ 36 ನಿಮಿಷ ಅದಕ್ಕೇ ಹೋಗುತ್ತದೆ. ‘ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ’: ಸರಿ. 2019ರ ನವೆಂಬರ್ 23ರ ಬೆಳಿಗ್ಗೆ 5:47ಕ್ಕೆ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆರವಾಯಿತು. ಅದಕ್ಕೆ ಮುಂಚೆ ಸಂಪುಟ ಸೇರಲಿಲ್ಲ. ಕೇಂದ್ರ ಸರ್ಕಾರದ ಕಾರ್ಯನಿರ್ವಹಣಾ ನಿಯಮಾವಳಿಯ 12ನೇ ನಿಯಮ ಪ್ರಧಾನಿಗೆ ಸಂಪುಟ ಸೇರಿಸದೆಯೇ ತೀರ್ಮಾನಿಸುವ ಅವಕಾಶ ಕೊಡುತ್ತದೆ. ಆ ಹೊತ್ತಿಗೆ ಏಳುವ ಅಭ್ಯಾಸ ಮುಂಬೈಯಲ್ಲಿ ಹಾಲಿನವರಿಗೂ ಉಡುಪಿ ಹೋಟೆಲಿನ ಭಟ್ಟರಿಗೂ ಮಾತ್ರ ಇತ್ತೆಂದು ತಿಳಿದಿದ್ದೆವು.

ಪಕ್ಷಾಂತರ ನಿಷೇಧದ್ದು ಎಲ್ಲಕ್ಕಿಂತ ಅಪಾಯದ ಪ್ರಶ್ನೆ. 1985ರ 52ನೇ ತಿದ್ದುಪಡಿ, ಹತ್ತನೇ ಅನುಸೂಚಿ. ಪಕ್ಷದ ವಿಪ್ ಮುರಿದವರು ಅನರ್ಹರು, ಮೂರನೇ ಎರಡರಷ್ಟು ಶಾಸಕರು ಒಪ್ಪಿದ ವಿಲೀನಕ್ಕೆ ಮಾತ್ರ ವಿನಾಯಿತಿ, ತೀರ್ಪು ಸ್ಪೀಕರರದು. ಇಷ್ಟು ಬರೆದು ನಿಲ್ಲಿಸಿ. ಬಂಡಾಯ ಶಾಸಕರು ಹೋಗಿ ತಂಗಿದ್ದ ಸೂರತ್, ಗುವಾಹಟಿ ಎಂದು ಮುಂದುವರಿಸಬೇಡಿ, ಅದು ಭೂಗೋಳದ ಪತ್ರಿಕೆ. 2022ರಲ್ಲಿ ಒಡೆದ ಶಿವಸೇನೆಯ ಎರಡೂ ಬಣ ‘ಅವರನ್ನು ಅನರ್ಹಗೊಳಿಸಿ’ ಎಂದು ಪರಸ್ಪರ ಅರ್ಜಿ ಹಾಕಿದವು. 2024ರ ಜನವರಿ 10ರಂದು ಸ್ಪೀಕರ್ ತೀರ್ಪು ಕೊಟ್ಟರು: ಯಾರೂ ಅನರ್ಹರಲ್ಲ. ಅಷ್ಟು ಜನ ಪರೀಕ್ಷೆಗೆ ಕೂತು ಒಬ್ಬರೂ ನಪಾಸಾಗದ ಶಾಲೆ ಮುಂಬೈಯಲ್ಲಿ ಇನ್ನೊಂದಿಲ್ಲ. ‘ಈ ಕಾಯ್ದೆಯಿಂದ ಪಕ್ಷಾಂತರಕ್ಕೆ ಕಡಿವಾಣ ಬಿದ್ದಿದೆ’ ಎಂಬ ಹೇಳಿಕೆ ಬಂದರೆ ಸರಿ ಎಂದು ಬರೆಯುವ ಧೈರ್ಯ ಮಕ್ಕಳಿಗೆ ಇರಬೇಕು. ಮೌಲ್ಯಮಾಪಕರಿಗೂ.

ಪೌರತ್ವಕ್ಕೆ ಆ ಐದರಲ್ಲಿ ಪ್ರತ್ಯೇಕ ಪಾಠವಿಲ್ಲ. ಅದನ್ನು ಪರೀಕ್ಷೆ ಮುಗಿದ ಮೇಲೆ ತಹಸೀಲ್ದಾರರ ಕಚೇರಿ ಕಲಿಸುತ್ತದೆ. ಮುಂದಿನ ಪ್ರವೇಶಗಳಿಗೆ ಬೇಕಾಗುವ ಕಾಗದದ ಹೆಸರೇ ‘ವಯಸ್ಸು, ರಾಷ್ಟ್ರೀಯತೆ ಮತ್ತು ಅಧಿವಾಸ ಪ್ರಮಾಣಪತ್ರ’. ಆಧಾರ್ ಒಯ್ದರೆ ಅದು ಪೌರತ್ವದ ದಾಖಲೆಯಲ್ಲ, 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಹಾಗೆಂದೇ ಹೇಳುತ್ತದೆ. ನೆರವಿಗೆ ಬರುವುದು ಶಾಲೆಯ ಎಲ್‌ಸಿ, ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ. ಅದರಲ್ಲಿ ‘ರಾಷ್ಟ್ರೀಯತೆ’ ಎಂಬ ಕಾಲಂ ಇದೆ. ಒಂದನೇ ತರಗತಿಗೆ ಸೇರಿಸುವಾಗ ಗುಮಾಸ್ತರು ಕಣ್ಣೆತ್ತಿ ನೋಡದೆ ‘ಭಾರತೀಯ’ ಎಂದು ತುಂಬಿರುತ್ತಾರೆ. ಜನ್ಮಸ್ಥಳದ ಕಾಲಂ ಅಷ್ಟು ಸಲೀಸಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ, ಹಾಗಾಗಿ ಊರು ಕುಂದಾಪುರ. ಅದರ ಇಂಗ್ಲಿಷ್ ಸ್ಪೆಲ್ಲಿಂಗ್ ಜನನಪತ್ರದಲ್ಲಿ ಒಂದು, ಎಲ್‌ಸಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಊರೇ ಇಲ್ಲ. ಇಲ್ಲಿಯ ಫಾರ್ಮು ಹೆಸರಿಗೂ ಅಡ್ಡಹೆಸರಿಗೂ ನಡುವೆ ತಂದೆಯ ಹೆಸರು ಕೇಳುತ್ತದೆ, ನಮ್ಮ ಶೆಟ್ಟರ ಜನನಪತ್ರದಲ್ಲಿ ಆ ಜಾಗ ಖಾಲಿ. ಇಂಥ ಅರ್ಜಿ ಸ್ವೀಕರಿಸುವ ಸೇತು ಕೇಂದ್ರದವರು ಅಫಿಡವಿಟ್ ತನ್ನಿ ಎನ್ನುತ್ತಾರೆ. ಹೊರಗೆ ಕೂತ ಟೈಪಿಸ್ಟ್ ಬಳಿ ಒಕ್ಕಣೆ ತಯಾರಿದೆ. ಚುಕ್ಕಿ ಗೆರೆಯ ಮೇಲೆ ಹೆಸರು ತುಂಬಿ ಅಪ್ಪ ಸಹಿ ಹಾಕಿದರೆ ಮಗ ಭಾರತೀಯ.