ವಯಸ್ಕರ ಅಕ್ಷರ ಕಲಿಕೆಗೆ ಆನ್‌ಲೈನ್ ಪಾಠ ಸಾಕೇ?

ಪರ

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದು ಶೇ. 86.24. ರಾಜ್ಯದ ಸರಾಸರಿ 75.36 ಇದ್ದಾಗಿನ ಈ ಅಂಕಿ ಕಂಡು ಬೀಗುವವರೇ ಹೆಚ್ಚು. ಅಕ್ಷರ ಕಲಿಸಲು ಹೊರಟವರಿಗೆ ತೊಂದರೆ ಶುರುವಾಗುವುದು ಇಲ್ಲಿಂದಲೇ. ಅಕ್ಷರ ಬಾರದೆ ಉಳಿದವರು ಒಂದೆಡೆ ಸಿಗುವುದಿಲ್ಲ. ನಮ್ಮ ಕಡೆ ಊರೆಂದರೆ ಒತ್ತೊತ್ತಾಗಿ ಮನೆಗಳಿರುವ ಕೇರಿಯಲ್ಲ. ತೋಟದಾಚೆ ಒಂದು ಮನೆ, ಗುಡ್ಡ ಹತ್ತಿದರೆ ಇನ್ನೊಂದು. ಇಲ್ಲೊಬ್ಬರು ಅಜ್ಜಿ, ಅಲ್ಲೊಬ್ಬರು ಅಕ್ಕ. ಇಂಥ ಹತ್ತು ಜನರನ್ನು ಸಂಜೆ ಏಳಕ್ಕೆ ಪಂಚಾಯತ್ ಕಟ್ಟಡದಲ್ಲಿ ಕೂರಿಸುವುದು, ಅದೂ ಆಟಿ ತಿಂಗಳ ಮಳೆಯಲ್ಲಿ, ಆಗುಹೋಗುವ ಮಾತಲ್ಲ.

ಗೇರುಬೀಜದ ಕಾರ್ಖಾನೆಯಿಂದ ಬಂದವರಿಗೆ ಅಡುಗೆ, ಪಾತ್ರೆ ಮುಗಿಯುವಾಗ ರಾತ್ರಿ ಒಂಬತ್ತು. ಬಾಗಲಕೋಟೆ, ಗದಗ ಕಡೆಯಿಂದ ಬಂದ ಗಾರೆ ಕೆಲಸದವರು ಈ ತಿಂಗಳು ಬೈಕಂಪಾಡಿ, ಬರುವ ತಿಂಗಳು ಮಣಿಪಾಲ. ಅವರು ಯಾವ ತರಗತಿಗೆ ಹೆಸರು ಬರೆಸಬೇಕು? ಪಾಠ ಫೋನಿನಲ್ಲಿದ್ದರೆ ಸೈಟು ಬದಲಾದರೂ ನಿನ್ನೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದು. ಒಂದೇ ಪಾಠ ಹತ್ತನೇ ಸಲ ಕೇಳಿದರೂ ಫೋನು ಮುಖ ಸಿಂಡರಿಸುವುದಿಲ್ಲ (ಎಲ್ಲ ಮೇಷ್ಟ್ರುಗಳ ಬಗ್ಗೆ ಹೀಗೆ ಹೇಳಲಾಗದು).

ನಾಚಿಕೆಯೂ ಸಣ್ಣ ಅಡ್ಡಿಯಲ್ಲ. ಐವತ್ತು ದಾಟಿದ ಹೆಂಗಸು ಮೊಮ್ಮಗನ ಶಾಲೆಯ ಬೆಂಚಿನಲ್ಲಿ ಕೂತು ‘ಅ ಆ’ ತಿದ್ದಿದರೆ ಊರೆಲ್ಲ ನೋಡುತ್ತದೆ. ಮನೆಯ ಚಾವಡಿಯಲ್ಲಿ ಯಾರ ಕಾಟವೂ ಇಲ್ಲ. ಅವರಿಗೆಲ್ಲ ಫೋನ್ ಬರುವುದಿಲ್ಲ ಎಂಬ ಮಾತಂತೂ ಹಳತಾಯಿತು. ಮೀನು ಮಾರುವವರ ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ಇದೆ, ದುಡ್ಡು ಬಂದದ್ದನ್ನು ಪೆಟ್ಟಿಗೆ ಕೂಗಿ ಹೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಕಳಿಸುತ್ತಾರೆ, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುತ್ತಾರೆ. ಕೇಂದ್ರ ಸರ್ಕಾರ 15 ವರ್ಷ ದಾಟಿದವರಿಗಾಗಿ 2022–27ರ ಅವಧಿಗೆ ತಂದ ‘ಉಲ್ಲಾಸ್’ ಕಾರ್ಯಕ್ರಮಕ್ಕೂ ಆ್ಯಪ್ ಇದೆ. ಇಷ್ಟೆಲ್ಲ ಮಾಡುವ ಫೋನಿನಲ್ಲಿ ಅಕ್ಷರವೊಂದನ್ನು ಯಾಕೆ ಕಲಿಯಬಾರದು?

ವಿರೋಧ

ಬೀಡಿ ಕಟ್ಟುವವರನ್ನು ನೋಡಿ. ಮಡಿಲಲ್ಲಿ ತಡ್ಪೆ (ಮೊರ). ಕತ್ತರಿಸಿದ ಎಲೆಗೆ ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತಿ, ತುದಿ ಮಡಚುವುದರಲ್ಲಿ ಎರಡೂ ಕೈ ಹೂತುಹೋಗಿರುತ್ತವೆ. ಪಕ್ಕದಲ್ಲಿ ಪಾಠ ಹಾಕಿಟ್ಟರೆ ಧಾರಾವಾಹಿ ಕೇಳಿದ ಹಾಗೆ ಕೇಳುತ್ತಾರೆ. ಬೀಡಿ ಆಗುತ್ತದೆ, ಒಂದಕ್ಷರ ಬರೆದಿರುವುದಿಲ್ಲ. ಅವರಿಗೆ ಮೊದಲು ಓದಲು ಬೇಕಾದದ್ದಾದರೂ ಏನು? ಬ್ರಾಂಚಿನಲ್ಲಿ (ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಕಡೆ) ಎಲೆ ಎಷ್ಟು ಕೊಟ್ಟರು, ಸರಿಯಿಲ್ಲವೆಂದು ಬೀಡಿ ಎಷ್ಟು ತೆಗೆದುಹಾಕಿದರು ಎಂದು ಪುಸ್ತಕದಲ್ಲಿ ಪೆನ್ನಿನಿಂದ ಗೀಚಿದ್ದು. ಆ್ಯಪ್ ತೋರಿಸುವುದು ಅಚ್ಚಿನ ಅಕ್ಷರ, ಬ್ರಾಂಚಿನಲ್ಲಿರುವುದು ಅವಸರದ ಕೈಬರಹ.

ಬರೆಯುವುದಂತೂ ಇನ್ನೂ ಕಷ್ಟ. ಕೀಬೋರ್ಡಿನಲ್ಲಿ ಒತ್ತಿದರೆ ‘ಕ್ಷ’ ತಾನಾಗಿ ಮೂಡುತ್ತದೆ. ಪೆನ್ನೇ ಹಿಡಿಯದ ಬೆರಳಿಗೆ ಅದರ ತಿರುವು ಹೇಳಿಕೊಡಲು ಪಕ್ಕದಲ್ಲೊಬ್ಬರು ಕೈ ಹಿಡಿಯಬೇಕು. ಉಲ್ಲಾಸ್ ಹೆಸರು ಹೇಳುವವರು ಅದರ ಪರೀಕ್ಷೆಯನ್ನೂ ನೋಡಲಿ: ಓದು, ಬರಹ, ಲೆಕ್ಕ, ತಲಾ 50ರಂತೆ 150 ಅಂಕ, ಬರೆಯುವುದು ಕಾಗದದ ಮೇಲೆ. ಆ ಕಾರ್ಯಕ್ರಮ ನೆಚ್ಚಿಕೊಂಡಿರುವುದೂ ಸಂಬಳವಿಲ್ಲದೆ ಕಲಿಸುವ ಸ್ವಯಂಸೇವಕರನ್ನು.

ಭಾಷೆಯ ತೊಡಕು ಬೇರೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡುವವರಿಗೆ ಪುಸ್ತಕದ ಕನ್ನಡವೇ ಎರಡನೇ ಭಾಷೆ. ಚಿತ್ರ ತೋರಿಸಿ ಅಕ್ಷರ ಕಲಿಸುವ ಪಾಠದಲ್ಲಿ ಮನೆ ಕಂಡರೆ ತುಳುವರ ಬಾಯಿಗೆ ಬರುವುದು ‘ಇಲ್ಲ್’, ಹಸು ಕಂಡರೆ ‘ಪೆತ್ತ’. ಎದುರಿಗೆ ಕೂತ ಊರಿನ ಹುಡುಗಿ ಇದನ್ನು ಕೂಡಲೇ ಹಿಡಿದು ಸರಿಮಾಡುತ್ತಾಳೆ. ರೆಕಾರ್ಡು ಮಾಡಿದ ಪಾಠ ಮುಂದಕ್ಕೆ ಹೋಗಿಬಿಡುತ್ತದೆ.

ಇನ್ನು, ಆ ಫೋನು ಯಾರದು? ಹೆಚ್ಚಾಗಿ ಮಗನದು, ಅವನು ಮನೆಗೆ ಬಂದ ಮೇಲೆ ಸಿಗುವಂಥದ್ದು. ಹೆಬ್ರಿ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತೆಂದೇ ಲೆಕ್ಕ. ಊರೂರು ಅಲೆಯುವ ಗಾರೆ ಕೆಲಸದವರ ವಿಷಯದಲ್ಲಿ ಮಾತ್ರ ಎದುರು ಪಕ್ಷದ ವಾದಕ್ಕೆ ತೂಕವಿದೆ, ಒಪ್ಪೋಣ.

ಉಳಿದವರು ಒಂದೆಡೆ ಸೇರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಸ್ವಸಹಾಯ ಸಂಘದ ವಾರದ ಸಭೆಗೆ ಗುಡ್ಡ ಇಳಿದು, ಕೊಡೆ ಹಿಡಿದು ಬರುತ್ತಾರೆ, ಕಂತು ಕಟ್ಟಬೇಕಲ್ಲ! ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ, ಬಲೆ ರಿಪೇರಿಗೆ ಕೂತವರು ಎಲ್ಲಿಗೂ ಹೋಗುವುದಿಲ್ಲ. ಸಂಘದ ಸಭೆಯಲ್ಲಿ ಅರ್ಧ ಗಂಟೆ ನೋಟುಪುಸ್ತಕಕ್ಕೆ ಬಿಡಿ, ನಿರ್ಣಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುವ ಸದಸ್ಯೆಯನ್ನು ಬರೆಯಬಲ್ಲವರ ಪಕ್ಕ ಕೂರಿಸಿ. ಆ್ಯಪ್ ಬೇಕೇ ಬೇಕಾದರೆ ಕಲಿಸುವವರ ಫೋನಿನಲ್ಲಿರಲಿ.