ನಾಲ್ಕು ಶಾಕ್, ಐದು ನಿಂಬೆಹಣ್ಣು

ನಮ್ಮಮ್ಮ ನನ್ನ ಕಾರು ಹತ್ತುವುದಿಲ್ಲ, ಇಳಿಯುತ್ತಾರೆ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ನನ್ನ ಹೆಗಲು ಹಿಡಿದು, ಮೆಟ್ಟಿಲಿಲ್ಲದ ಬಾವಿಗೆ ಇಳಿದ ಹಾಗೆ, 'ರಾಮಾ' ಅಂತ ಇಳಿಯುತ್ತಾರೆ. ವಾಪಸ್ ಮೇಲೆತ್ತಲು ಇಬ್ಬರು ಬೇಕು.

ಗಾಡಿ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ, 150 ಕುದುರೆ. ಕುದುರೆಗಳಿಗೆ ವಯಸ್ಸಾಗಿದೆ, ಲಾಯದವನಿಗೂ ಆಗಿದೆ. ಆದರೂ ನಲವತ್ತು ದಾಟಿದ ಗಂಡಸರಿಗೆ ಬರುವ ಒಂದು ಜ್ವರದಲ್ಲಿ ಸ್ಪ್ರಿಂಗ್ ಬದಲಿಸಿ ಅದನ್ನು 40 ಮಿ.ಮೀ. ಕೆಳಗಿಳಿಸಿದೆ. ಸ್ಪ್ರಿಂಗ್ ಜೊತೆಗಿರುವ ಶಾಕ್ ಅಬ್ಸಾರ್ಬರ್, ಅಂದರೆ ಶಾಕ್, ಮಾತ್ರ ಹಳೆಯದನ್ನೇ ಬಿಟ್ಟೆ. ದುಡ್ಡು ಉಳಿಯಿತಲ್ಲ ಎಂದು ಹಿಗ್ಗಿದ್ದೂ ಹೌದು. ಉಳಿದ ದುಡ್ಡು ಈಗ ನಾಲ್ಕೂ ಮೂಲೆಯಲ್ಲಿ ಎಣ್ಣೆಯಾಗಿ ಸೋರುತ್ತಿದೆ.

ಮೆಕ್ಯಾನಿಕ್ ಬಾನೆಟ್ ಮೂಲೆ ಒತ್ತಿ ಬಿಟ್ಟ. ಗಾಡಿ ಒಂದು ಸಲ ಎದ್ದು ಸುಮ್ಮನಾಗಬೇಕಿತ್ತು. ಅದು ದೇವರು ಬಂದವರ ಹಾಗೆ ತೂಗತೊಡಗಿತು.

"ಶಾಕಬ್ಸರ್ ಹೋಗಿದೆ ಸಾರ್."

"ಇಷ್ಟು ದಿನ ಶಾಕ್ ತಡ್ಕೊಂಡಿದೆ, ಪಾಪ."

"ಶಾಕ್ ತಡ್ಕೊಳ್ಳೋದು ಸ್ಪ್ರಿಂಗ್ ಸಾರ್. ಇದು ಸ್ಪ್ರಿಂಗನ್ನ ಸುಮ್ನೆ ಕೂರಿಸುತ್ತೆ ಅಷ್ಟೆ."

ಆಮೇಲೆ ತಿಳಿಯಿತು, ಇದು ವಿಧಾನಸಭೆಯ ಸ್ಪೀಕರ್ ಕೆಲಸ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ಸಣ್ಣ ತೂತಿರುವ ಪಿಸ್ಟನ್. ಸ್ಪ್ರಿಂಗ್ ಎಷ್ಟೇ ಕುಣಿದರೂ ಎಣ್ಣೆ ಆ ತೂತಿನಲ್ಲೇ ನುಸುಳಬೇಕು, ಹಾಗಾಗಿ ಗಲಾಟೆಯೆಲ್ಲ ಬಿಸಿಯಾಗಿ ಮುಗಿಯುತ್ತದೆ. ಸ್ಪ್ರಿಂಗ್ ಗಿಡ್ಡ ಮಾಡಿ ಶಾಕ್ ಹಳೆಯದೇ ಬಿಟ್ಟರೆ ಅದರ ರಾಡ್ ಮೊದಲೇ ಅರ್ಧ ಒಳಗೆ ಹೋಗಿ ಕೂತಿರುತ್ತದೆ. ಸಣ್ಣ ಗುಂಡಿ ಬಂದರೂ ತಡೆಗೆಂದು ಇಟ್ಟ ರಬ್ಬರಿಗೆ ಹೋಗಿ ಗುದ್ದುತ್ತದೆ. ನನ್ನದು ಗುದ್ದಿ ಗುದ್ದಿ ರಬ್ಬರೇ ಪುಡಿಯಾಗಿತ್ತು.

ಸರಿ, ಹೊಸದು ಯಾವುದು? ಬೆಂಗಳೂರಿನಲ್ಲಿ ಗಾಡಿಯ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋದೆ. ಒಬ್ಬರು 'ಒರಿಜಿನಲ್' ತೋರಿಸಿದರು, ಇನ್ನೊಬ್ಬರು 'ಒರಿಜಿನಲ್ ತರಹದ್ದೇ' ತೋರಿಸಿದರು, ಮೂರನೆಯವರು ಎಣ್ಣೆ ತುಂಬಿ ಕಪ್ಪು ಬಣ್ಣ ಬಳಿದದ್ದನ್ನು ತೋರಿಸಿ ಮುಟ್ಟಬೇಡಿ, ಇನ್ನೂ ಒಣಗಿಲ್ಲ ಎಂದರು. ಜರ್ಮನಿಯ ಬಿಲ್‌ಸ್ಟೈನ್‌ ಕಂಪನಿಯ ಶಾಕ್‌ಗಳಲ್ಲಿ ಬಿ6 ಮಾಮೂಲಿ ಎತ್ತರದ ಗಾಡಿಗೆ, ಬಿ8 ಗಿಡ್ಡ ಮೈಯದು, ಇಳಿಸಿದ ಗಾಡಿಗೆಂದೇ ಮಾಡಿದ್ದು. ಕೋನಿಯವರ ಹಳದಿ ಶಾಕ್ ಆದರೆ ಸ್ಪ್ರಿಂಗ್ ಎಷ್ಟು ನಿಧಾನ ವಾಪಸ್ ಬರಬೇಕು ಎಂಬುದನ್ನು ತಿರುಗಿಸಿ ಇಟ್ಟುಕೊಳ್ಳಬಹುದು. ಈ ವಿದೇಶಿ ಕಂಪನಿಗಳ ಪಟ್ಟಿಯಲ್ಲಿ ಎಲ್ಲವನ್ನೂ ಕೇಳುತ್ತಾರೆ: ಯಾವ ಇಂಜಿನ್, ಯಾವ ವರ್ಷ, ಎಷ್ಟು ಇಳಿಸಿದ್ದೀರಿ. ರಸ್ತೆ ಇದೆಯೇ ಎಂದು ಮಾತ್ರ ಕೇಳುವುದಿಲ್ಲ. ಅಲ್ಲಿ ಅದನ್ನು ಕೇಳುವ ಪದ್ಧತಿ ಇಲ್ಲವೇನೋ.

ಬೆಂಗಳೂರಿನಲ್ಲಿ ಅದೇ ಮೊದಲ ಪ್ರಶ್ನೆ. ನಮ್ಮ ಬೀದಿಯಲ್ಲಿ 300 ಮೀಟರಿಗೆ ಐದು ಹಂಪ್. ಒಂದು ಶಾಲೆಗೆ, ಒಂದು ದೇವಸ್ಥಾನಕ್ಕೆ, ಒಂದು ಮಾಜಿ ಜನಪ್ರತಿನಿಧಿಯೊಬ್ಬರ ಮನೆಗೆ, ಇನ್ನೊಂದು ಅವರ ತಮ್ಮನ ಮನೆಗೆ. ಐದನೆಯದು ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲ. ಉದ್ಭವಮೂರ್ತಿ ಇರಬೇಕು.

ಹಂಪ್ ಹೇಗಿರಬೇಕೆಂದು ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ. 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನುಣುಪು ಉಬ್ಬು, ಗಂಟೆಗೆ 25 ಕಿ.ಮೀ.ನಲ್ಲಿ ನೆಮ್ಮದಿಯಾಗಿ ದಾಟುವಂತೆ. 40 ಮೀಟರ್ ಮೊದಲೇ ಫಲಕ ಇರಬೇಕು. ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಗಾಡಿಯ ಹಿಂದು ಮುಂದಿನ ಚಕ್ರದ ನಡುವೆ ಸುಮಾರು ಎರಡೂವರೆ ಮೀಟರ್. ಪುಸ್ತಕದ ಹಂಪ್ ಮೇಲೆ ನಟ್ಟನಡುವೆ ನಿಂತರೆ ಹೊಟ್ಟೆ ತಗಲದಿರಲು ಐದು ಸೆಂ.ಮೀ. ಕೂಡ ಬೇಡ. ನನ್ನ ಹತ್ತಿರ ಹನ್ನೊಂದಿದೆ! ಮನೆಯವಳನ್ನು ಎಬ್ಬಿಸಿ ಹೇಳಿದೆ. ಅವಳು ಮಗ್ಗುಲು ಬದಲಿಸಿದಳು.

ಬೆಳಗ್ಗೆ ಟೇಪ್ ಹಿಡಿದು ಉದ್ಭವಮೂರ್ತಿಯನ್ನು ಅಳೆದೆ. ಅಗಲ ಒಂದು ಮೊಳ, ಎತ್ತರ ಹತ್ತಿರ ಹತ್ತಿರ ಒಂದು ಗೇಣು. ಇದು ರಸ್ತೆಯ ಉಬ್ಬಲ್ಲ, ಅಡ್ಡಗೋಡೆ. ಅಳೆಯುವಾಗ ಪಕ್ಕದ ಮನೆಯವರು ಬಂದು, "ಇನ್ನೂ ಎತ್ತರ ಮಾಡಿಸ್ತೀರಾ ಸಾರ್?" ಎಂದು ಆಸೆಯಿಂದ ಕೇಳಿದರು.

ಕಾನೂನಿನ ವಿಷಯಕ್ಕೆ ಬಂದರೆ ಅಪರಾಧಿ ನಾನೇ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಆ 'ವಿವರ'ದೊಳಗೆ ಬರುತ್ತದೋ ಇಲ್ಲವೋ ಎಂದು ಆರ್‌ಟಿಒ ಕಚೇರಿಯಲ್ಲಿ ವಾದ ಮಾಡುವ ಗಂಡೆದೆ ನನಗಿಲ್ಲ. ಆದರೆ ಕಾರು ನಾಲ್ಕು ಸೆಂ.ಮೀ. ಇಳಿದರೆ ಅಪರಾಧ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ನಮ್ಮ ಹೊಸ್ತಿಲಿಗಿಂತ ಮೇಲೆ ಏರಿದರೆ ಅಭಿವೃದ್ಧಿ. ಮಳೆ ಬಂದಾಗ ಅಭಿವೃದ್ಧಿ ನಡುಮನೆಯೊಳಗೆ ಬಂದು ಸೋಫಾ ಕೆಳಗೆ ನಿಲ್ಲುತ್ತದೆ.

ಹಿತೈಷಿಗಳಿಗೆ ಬರವಿಲ್ಲ. ಒಬ್ಬರು ಗಡುಸು ಶಾಕ್ ಹಾಕಿಸು, ಗುಂಡಿಯೇ ಹೆದರುತ್ತದೆ ಎಂದರು. ಮೆದುವಾದದ್ದು ಹಾಕಿಸು, ಸೊಂಟ ಉಳಿಯುತ್ತದೆ ಎಂದವರೂ ಇದ್ದಾರೆ. ಭಾವಮೈದುನ ಎಸ್‌ಯುವಿ ತಗೋ ಅಂದ. ಅವನು ತಗೊಂಡಿದ್ದಾನೆ. ಆ ಹಂಪನ್ನು ಅವನೂ ಓರೆಯಾಗಿಯೇ ದಾಟಿಸುತ್ತಾನೆ, ಆದರೆ ಎತ್ತರದಿಂದ.

ಕೊನೆಗೆ ಗಿಡ್ಡ ಮೈಯದನ್ನೇ ತರಿಸಿದೆ. ಜೊತೆಗೆ ಹೊಸ ರಬ್ಬರ್, ಹೊಸ ಮೌಂಟ್. ಬಿಲ್ಲಿನ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ. ಜೋಡಿಸಿ ಮುಗಿಸಿದ ಮೆಕ್ಯಾನಿಕ್ ಬಾನೆಟ್ ಒತ್ತಿದ. ಗಾಡಿ ಒಮ್ಮೆ ಎದ್ದು, ಮೇಷ್ಟ್ರನ್ನು ಕಂಡ ಹುಡುಗನ ಹಾಗೆ ತೆಪ್ಪಗಾಯಿತು. ನನ್ನ ಕಣ್ಣಲ್ಲಿ ನೀರು.

ಊದುಬತ್ತಿ ಹಚ್ಚಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟ. ಐದನೆಯದನ್ನು ನನ್ನ ಕೈಗೆ ಕೊಟ್ಟ.

"ಸ್ಟೆಪ್ನಿಗಾ?"

"ಅಲ್ಲ ಸಾರ್. ನಿಮ್ಮ ಬೀದಿಯ ಆ ಹಂಪ್ ಮುಂದೆ ಇಟ್ಟು, ಒಂದು ನಮಸ್ಕಾರ ಹಾಕಿ ದಾಟಿ."